ಎಳೆಯ ತಲೆಗೆ ಬಂದ ಗಂಡಾಂತರ

ಮಗು ತಲೆನೋವೆಂದು ಅತ್ತಾಗ ಬಿಸಿಲು, ಹಸಿವು, ಶಾಲೆ ತಪ್ಪಿಸುವ ನೆಪ ಇವೇ ನಮಗೆ ಹೊಳೆಯುತ್ತವೆ. ಬಹುಮಟ್ಟಿಗೆ ಅದು ಸರಿಯೂ ಹೌದು. ಆದರೆ ಸಿಡಿಲೆರಗಿದಂತೆ ಒಮ್ಮೆಲೇ ಬರುವ ನೋವು, ವಾಂತಿ, ಕುತ್ತಿಗೆಯ ಬಿಗಿತ, ಮಂಪರು, ಸೆಳವು ಕಂಡಲ್ಲಿ ಬೆಳಗಾಗಲೆಂದು ಕಾಯಬಾರದು. ಮಿದುಳಿನ ರಕ್ತನಾಳದ ಗೋಡೆ ಬಲಗುಂದಿ, ಬಲೂನಿನಂತೆ ಉಬ್ಬಿ ಒಡೆದಿರಬಹುದು. ಈ ಉಬ್ಬನ್ನೇ ವೈದ್ಯರು ‘ಅನ್ಯೂರಿಸಂ’ ಎನ್ನುತ್ತಾರೆ. ಒಡೆದ ಉಬ್ಬು ಮತ್ತೆ ಒಡೆಯುವ ಭಯ ಮೊದಲ 24 ಗಂಟೆಗಳಲ್ಲೇ ಅತ್ಯಧಿಕ.

ಇಂಥ ಹೊತ್ತಿನಲ್ಲಿ ತಂದೆಯೊಬ್ಬರು ಒಪ್ಪಿಗೆ ಪತ್ರ ಹಿಡಿದು, “ಸ್ವಾಮಿ, ಸಹಿ ಹಾಕಿದರೆ ದೇವರಲ್ಲಿ ಭರವಸೆ ಕಡಿಮೆಯಾದಂತಲ್ಲವೇ?” ಎಂದು ಕೇಳಿದ್ದರು. ನಾನು ಪೆನ್ನು ಕೊಟ್ಟೆ. ಜೀವರಕ್ಷಣೆಗೆ ಅಗತ್ಯವಾದ ಚಿಕಿತ್ಸೆ ಪಡೆಯುವುದು ಕರ್ತವ್ಯವೆಂದು ಪೋಪ್ ಹನ್ನೆರಡನೆಯ ಪಿಯುಸ್ 1957ರಲ್ಲೇ ವೈದ್ಯರ ಮುಂದೆ ಹೇಳಿದ್ದಾರೆ.

ಈ ರೋಗ ಮಕ್ಕಳಲ್ಲಿ ಅಪರೂಪ. ಒಟ್ಟು ರೋಗಿಗಳಲ್ಲಿ ಅವರ ಪಾಲು ನೂರಕ್ಕೆ 5ನ್ನು ಮೀರದು. ಆದರೆ ಎರಡೂವರೆ ಸೆಂಟಿಮೀಟರಿಗೂ ಮಿಗಿಲಾದ ದೈತ್ಯ ಉಬ್ಬುಗಳ ಪ್ರಮಾಣ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು. ತಲೆಗೆ ಬಿದ್ದ ಪೆಟ್ಟೂ ಕಾರಣವಾಗಬಲ್ಲದು. ಹೃದಯದ ಕವಾಟಕ್ಕೆ ತಗುಲಿದ ಸೋಂಕು ರಕ್ತದೊಡನೆ ಮಿದುಳಿಗೇರುವುದೂ ಉಂಟು. ಆದುದರಿಂದ ಹೃದ್ರೋಗವಿರುವ ಮಗುವಿಗೆ ಬಿಡದೆ ಕಾಡುವ ಜ್ವರವನ್ನು ತಾಯಂದಿರು ಹಗುರವಾಗಿ ಕಾಣದಿರಲಿ.

1937ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ವಾಲ್ಟರ್ ಡ್ಯಾಂಡಿ ಎಂಬ ಶಸ್ತ್ರವೈದ್ಯರು ವಯಸ್ಕ ರೋಗಿಯೊಬ್ಬರ ತಲೆಬುರುಡೆ ತೆರೆದು, ಉಬ್ಬಿನ ಬುಡಕ್ಕೆ ಬೆಳ್ಳಿಯ ಪುಟ್ಟ ಕ್ಲಿಪ್ ಹಾಕಿ ರಕ್ತ ನುಗ್ಗದಂತೆ ತಡೆದರು. ಸೂಕ್ಷ್ಮದರ್ಶಕದಡಿ ಇಂದು ನಡೆಯುವುದೂ ಅದೇ ಕ್ರಮ. 1990ರಲ್ಲಿ ಇಟಲಿಯ ಗುಯಿಡೊ ಗುಗ್ಲಿಯೆಲ್ಮಿಯವರು ಲಾಸ್ ಏಂಜಲೀಸಿನಲ್ಲಿ ಇನ್ನೊಂದು ದಾರಿ ತೋರಿದರು: ತೊಡೆಸಂದಿನ ರಕ್ತನಾಳದೊಳಗಿಂದ ನಳಿಕೆ ಕಳುಹಿಸಿ, ಪ್ಲಾಟಿನಂ ಸುರುಳಿಗಳಿಂದ ಉಬ್ಬನ್ನು ತುಂಬುವುದು.

ಕತ್ತಿ ತಾಗದ ಈ ದಾರಿಯೇ ಹೆತ್ತವರಿಗೆ ಹಿತವೆನಿಸುವುದು ಸಹಜ. ಆದರೆ ಮಗುವಿನ ಮುಂದೆ ಅರುವತ್ತು ಎಪ್ಪತ್ತು ವರ್ಷಗಳ ಬಾಳಿದೆ. ಸುರುಳಿ ಅಡಗಿ ಉಬ್ಬು ಮತ್ತೆ ತುಂಬಿಕೊಳ್ಳಬಹುದು; ಕ್ಲಿಪ್ ಸಾಮಾನ್ಯವಾಗಿ ಹೆಚ್ಚು ಬಾಳುತ್ತದೆ. ಅತ್ತ, ಬುಡವೇ ಇಲ್ಲದ ದೈತ್ಯ ಉಬ್ಬಿಗೆ ಕ್ಲಿಪ್ ಹಿಡಿಯದು. ಆ ನಾಳವನ್ನೇ ಮುಚ್ಚಿ, ಕೆಲವೊಮ್ಮೆ ನೆತ್ತಿಯ ಚರ್ಮದ ನಾಳದಿಂದ ರಕ್ತಕ್ಕೆ ಬದಲಿ ದಾರಿ ಮಾಡಬೇಕಾಗುತ್ತದೆ. ಹತ್ತು ಕಿಲೋ ತೂಕದ ಮಗುವಿನ ಮೈಯಲ್ಲಿರುವ ರಕ್ತ ಒಂದು ಲೀಟರಿಗೂ ಕಡಿಮೆ. ಒಂದು ಲೋಟ ರಕ್ತ ಹೋದರೂ ಅಪಾಯವೇ. ಯಾವ ದಾರಿಯೆಂಬುದನ್ನು ಎರಡನ್ನೂ ಬಲ್ಲ ವೈದ್ಯರು ಕೂಡಿ ನಿರ್ಧರಿಸುವುದು ಲೇಸು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಎರಡೂ ವಿಭಾಗಗಳಿವೆ.

ಮನೆಗೆ ಮರಳಿದೊಡನೆ ಕೆಲಸ ಮುಗಿಯದು. ವರ್ಷಗಳ ಬಳಿಕ ಬೇರೆಡೆ ಹೊಸ ಉಬ್ಬು ಮೂಡಬಹುದಾದ್ದರಿಂದ ಮರುಪರೀಕ್ಷೆ ತಪ್ಪಿಸಬಾರದು. ಆ ಆಸ್ಪತ್ರೆಯ ಫೈಲನ್ನು ಮಗುವಿನ ಜ್ಞಾನಸ್ನಾನದ ಪತ್ರದೊಡನೆ ಒಂದೇ ಪೆಟ್ಟಿಗೆಯಲ್ಲಿ ಜೋಪಾನವಾಗಿಡಿ.