ತಾಯಿಯ ಕೊರಳ ಗ್ರಂಥಿಯೂ ಮಗುವಿನ ಮೊದಲ ಮೂರು ತಿಂಗಳೂ

ವಾಚನಾಲಯಕ್ಕೆ ಬರುವ ಬಂಧುಗಳು ಪತ್ರಿಕೆಗಳ ಜೊತೆಗೆ ಒಮ್ಮೊಮ್ಮೆ ಮನೆಯವರ ರಕ್ತಪರೀಕ್ಷೆಯ ಚೀಟಿಗಳನ್ನೂ ತಂದು, ಇದರಲ್ಲಿ ಏನು ಬರೆದಿದೆ ನೋಡಿ ಹೇಳಿರೆಂದು ಕೇಳುವುದುಂಟು. ಅವುಗಳಲ್ಲಿ ಅನೇಕ ಚೀಟಿಗಳು ‘ಥೈರಾಯ್ಡ್’ ಪರೀಕ್ಷೆಯವೇ ಆಗಿರುತ್ತವೆ. ನಾವು ವೈದ್ಯರಲ್ಲ, ಔಷಧ ಹೇಳುವ ಅಧಿಕಾರ ನಮಗಿಲ್ಲ. ಆದರೆ ಚೀಟಿಯ ಅರ್ಥವೇನು, ಯಾವಾಗ ವೈದ್ಯರಲ್ಲಿಗೆ ಓಡಬೇಕು ಎಂಬಷ್ಟನ್ನು ತಿಳಿಸುವುದು ವಾಚನಾಲಯದ ಕೆಲಸವೇ ಸರಿ. ಮಗುವನ್ನು ಬಯಸುವ ಮನೆಗಳಲ್ಲಿ ಈ ತಿಳುವಳಿಕೆ ತಡವಾಗಿ ಬಂದರೆ ಹೆಚ್ಚು ಉಪಯೋಗವಾಗದು. ಆದುದರಿಂದ ಈ ಸಂಚಿಕೆಯಲ್ಲಿ ಇದನ್ನೇ ವಿಚಾರಿಸೋಣ.

ಥೈರಾಯ್ಡ್ ಎಂಬುದು ಕೊರಳಿನ ಮುಂಭಾಗದಲ್ಲಿ, ಗಂಟಲಮಣಿಯ ಕೆಳಗೆ, ಚಿಟ್ಟೆಯು ರೆಕ್ಕೆ ಬಿಚ್ಚಿ ಕುಳಿತಂತೆ ಇರುವ ಒಂದು ಚಿಕ್ಕ ಗ್ರಂಥಿ. ಇದು ಸ್ರವಿಸುವ ರಸವು ರಕ್ತದಲ್ಲಿ ಸೇರಿ ಮೈಯ ಎಲ್ಲ ಅಂಗಗಳ ಕೆಲಸದ ವೇಗವನ್ನು ನಿಯಮಿಸುತ್ತದೆ. ಒಲೆಯ ಉರಿಯನ್ನು ಹೆಚ್ಚು ಕಡಿಮೆ ಮಾಡುವ ಕೈ ಇದೆಂದರೆ ತಪ್ಪಾಗದು. ರಸ ಕಡಿಮೆಯಾದಾಗ ಉರಿ ತಗ್ಗುತ್ತದೆ: ಆಯಾಸ, ನಿದ್ದೆಗಣ್ಣು, ಮಲಬದ್ಧತೆ, ಒಣಚರ್ಮ, ಕೂದಲುದುರುವಿಕೆ, ಚಳಿ ತಡೆಯಲಾರದಿರುವುದು, ಮೈ ತೂಕ ಏರುವುದು, ಮುಟ್ಟು ಅತಿಯಾಗುವುದು ಅಥವಾ ತಿಂಗಳು ತಪ್ಪಿ ಬರುವುದು. ಇವುಗಳಲ್ಲಿ ಅರ್ಧದಷ್ಟು ಲಕ್ಷಣಗಳು ಬಸುರಿಯರಲ್ಲಿ ಸಹಜವಾಗಿಯೂ ಇರುತ್ತವೆ. ಆದ್ದರಿಂದಲೇ ಮೈಯ ಲಕ್ಷಣ ನೋಡಿ ಈ ರೋಗವನ್ನು ಊಹಿಸಲಾಗದು; ರಕ್ತಪರೀಕ್ಷೆಯೇ ಆಗಬೇಕು.

ಚೀಟಿಯಲ್ಲಿ ಟಿ.ಎಸ್.ಎಚ್. ಎಂದು ಬರೆದಿರುವುದು ಥೈರಾಯ್ಡಿನ ರಸವಲ್ಲ. ಅದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಥೈರಾಯ್ಡಿಗೆ ಕಳುಹಿಸುವ ಆಜ್ಞೆ. ಮಿಲ್ಲಿನಲ್ಲಿ ಒಂದು ಖಾತೆಯಿಂದ ಮಾಲು ಕಡಿಮೆ ಬಂದರೆ ಆಫೀಸಿನಿಂದ ಆ ಖಾತೆಗೆ ತಗಾದೆಯ ಚೀಟಿಗಳು ಹೆಚ್ಚುತ್ತವಲ್ಲವೆ? ಹಾಗೆಯೇ ಥೈರಾಯ್ಡ್ ಸೋಮಾರಿಯಾದಷ್ಟೂ ಟಿ.ಎಸ್.ಎಚ್. ಏರುತ್ತದೆ. ಆದುದರಿಂದ ಚೀಟಿಯಲ್ಲಿ ಅಂಕಿ ‘ಹೆಚ್ಚು’ ಎಂದಿದ್ದರೆ ಗ್ರಂಥಿಯ ಕೆಲಸ ‘ಕಡಿಮೆ’ ಎಂದು ತಿಳಿಯತಕ್ಕದ್ದು. ಇದನ್ನು ತಲೆಕೆಳಗಾಗಿ ತಿಳಿದು, ಅಂಕಿ ಹೆಚ್ಚಿದೆ, ಗುಳಿಗೆ ಹೆಚ್ಚಾಯಿತು ಎಂದು ತಾವಾಗಿಯೇ ಗುಳಿಗೆ ನಿಲ್ಲಿಸುವವರಿದ್ದಾರೆ. ಅದು ಅನರ್ಥಕ್ಕೆ ದಾರಿ.

ಇನ್ನು ಬಸಿರಿಗೂ ಇದಕ್ಕೂ ಏನು ಸಂಬಂಧ? ಥೈರಾಯ್ಡಿನ ರಸ ತೀರ ಕಡಿಮೆಯಾದಾಗ, ಅದನ್ನು ಎಚ್ಚರಿಸಲು ಮೆದುಳು ಕಳುಹಿಸುವ ಆಜ್ಞೆಯು ಹಾಲೂಡಿಸುವ ಪ್ರೊಲ್ಯಾಕ್ಟಿನ್ ಎಂಬ ರಸವನ್ನೂ ಕೆರಳಿಸುತ್ತದೆ. ಆ ರಸ ಏರಿದರೆ ತಿಂಗಳು ತಿಂಗಳು ಅಂಡ ಬಿಡುಗಡೆಯಾಗುವ ಕ್ರಮ ಕೆಡುತ್ತದೆ. ಹೀಗಾಗಿ ಬಸಿರು ನಿಲ್ಲದೆ ಹೋಗಬಹುದು. ನಿಂತರೂ ಗರ್ಭಪಾತ, ದಿನ ತುಂಬುವ ಮೊದಲೇ ಹೆರಿಗೆ, ಬಸುರಿಯ ರಕ್ತದೊತ್ತಡ ಏರುವುದು, ಮಗುವಿನ ತೂಕ ಕಡಿಮೆಯಾಗುವುದು ಮುಂತಾದ ತೊಂದರೆಗಳು ಹೆಚ್ಚು. ಮದುವೆಯಾಗಿ ವರ್ಷ ಕಳೆದರೂ ಮಕ್ಕಳಾಗದಿದ್ದರೆ ಹರಕೆ ಕಟ್ಟುವುದು, ಸೊಸೆಯನ್ನು ಚುಚ್ಚಿ ಮಾತಾಡುವುದು ನಮ್ಮಲ್ಲಿ ಇಂದಿಗೂ ನಿಂತಿಲ್ಲ. ಹರಕೆ ಅವರವರ ನಂಬಿಕೆ. ಆದರೆ ಅದರ ಜೊತೆಗೆ ಹೆಂಡತಿಯ ಥೈರಾಯ್ಡ್ ಪರೀಕ್ಷೆಯೂ ಗಂಡನ ತಪಾಸಣೆಯೂ ಆಗಲಿ. ಮಕ್ಕಳಾಗದಿರುವುದಕ್ಕೆ ಕಾರಣ ಗಂಡಸಿನಲ್ಲಿಯೂ ಇರಬಹುದು. ಹೆಂಗಸಿನಲ್ಲಿ ಕಾರಣ ಥೈರಾಯ್ಡೇ ಆಗಿದ್ದರೆ, ಅದಕ್ಕೆ ಇರುವ ಉಪಾಯ ಬಹು ಸುಲಭವಾದದ್ದು.

ಈಗ ಲೇಖನದ ಮುಖ್ಯ ಮಾತಿಗೆ ಬರೋಣ. ಗರ್ಭದಲ್ಲಿರುವ ಕೂಸಿನ ಥೈರಾಯ್ಡ್ ಗ್ರಂಥಿಯು ಸುಮಾರು ೧೨ನೆಯ ವಾರದಲ್ಲಿ ಕೆಲಸಕ್ಕೆ ತೊಡಗುತ್ತದೆ. ಸಾಕಷ್ಟು ರಸವನ್ನು ತಾನೇ ತಯಾರಿಸಲು ೧೮ರಿಂದ ೨೦ ವಾರಗಳಾಗಬೇಕು. ಕೂಸಿನ ಮೆದುಳು ರೂಪುಗೊಳ್ಳಲು ಆರಂಭವಾಗುವುದಾದರೋ ಅದಕ್ಕಿಂತ ಬಹಳ ಮೊದಲು. ಆ ಅವಧಿಯಲ್ಲಿ ಅದಕ್ಕೆ ಬೇಕಾದ ರಸವೆಲ್ಲ ತಾಯಿಯಿಂದಲೇ ಹೋಗತಕ್ಕದ್ದು. ವೈದ್ಯರು ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಎಂದರೆ ತಿಂಗಳು ತಪ್ಪಿತೆಂದು ಹೆಂಗಸಿಗೆ ತಿಳಿಯುವ ಹೊತ್ತಿಗೆ ೪ ವಾರ ಕಳೆದಿರುತ್ತದೆ. ನಾಚಿಕೆಯಿಂದಲೋ ದೃಷ್ಟಿಯ ಭಯದಿಂದಲೋ ಮೂರು ತಿಂಗಳಾಗುವವರೆಗೆ ಯಾರಿಗೂ ಹೇಳದೆ, ಆಮೇಲೆ ಆಸ್ಪತ್ರೆಯಲ್ಲಿ ಹೆಸರು ಬರೆಸುವ ರೂಢಿ ನಮ್ಮ ಎಷ್ಟೋ ಮನೆಗಳಲ್ಲಿದೆ. ಕೂಸು ತಾಯಿಯ ಥೈರಾಯ್ಡನ್ನೇ ನಂಬಿರುವ ಕಾಲವೂ, ನಾವು ಸುದ್ದಿಯನ್ನು ಮುಚ್ಚಿಡುವ ಕಾಲವೂ ಒಂದೇ ಎಂಬುದನ್ನು ವಾಚಕರು ಗಮನಿಸಬೇಕು. ನೆರೆಹೊರೆಗೆ ಹೇಳದಿದ್ದರೆ ನಷ್ಟವಿಲ್ಲ. ವೈದ್ಯರಿಗೆ ಹೇಳದಿದ್ದರೆ ನಷ್ಟವಿದೆ.

ಇದು ಬರಿಯ ಹೆದರಿಕೆಯ ಮಾತಲ್ಲ. ಅಮೆರಿಕದ ಮೇನ್ ಸಂಸ್ಥಾನದಲ್ಲಿ ನಡೆದು ೧೯೯೯ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಸಿರಿನಲ್ಲಿ ಥೈರಾಯ್ಡ್ ಕೊರತೆಯಿದ್ದೂ ಔಷಧವಿಲ್ಲದೆ ಉಳಿದ ತಾಯಂದಿರ ಮಕ್ಕಳು ೭–೯ ವರ್ಷದವರಾದಾಗ ಬುದ್ಧಿಪರೀಕ್ಷೆಯಲ್ಲಿ ಉಳಿದ ಮಕ್ಕಳಿಗಿಂತ ಸರಾಸರಿ ೭ ಅಂಕ ಹಿಂದಿದ್ದರು. ಆದರೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಕೊರತೆ ಅತ್ಯಲ್ಪವಾಗಿದ್ದ ಬಸುರಿಯರಿಗೆ ಔಷಧ ಕೊಟ್ಟು ನೋಡಿದ ಎರಡು ದೊಡ್ಡ ಪ್ರಯೋಗಗಳು ೨೦೧೨ರಲ್ಲಿಯೂ ೨೦೧೭ರಲ್ಲಿಯೂ ಪ್ರಕಟವಾದವು. ಅವುಗಳಲ್ಲಿ ಮಕ್ಕಳ ಬುದ್ಧಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಕೊರತೆ ಸ್ಪಷ್ಟವಾಗಿದ್ದವರಿಗೆ ಔಷಧ ಬೇಕೇ ಬೇಕು. ಅಲ್ಪ ಕೊರತೆಯವರ ವಿಷಯದಲ್ಲಿ ವೈದ್ಯರು ಬೇರೆ ಪರೀಕ್ಷೆಗಳನ್ನೂ ಹಿಂದಿನ ಬಸಿರುಗಳ ವೃತ್ತಾಂತವನ್ನೂ ನೋಡಿ ನಿರ್ಣಯಿಸುತ್ತಾರೆ. ಅಂಕಿ ತುಸು ಏರಿತೆಂದು ಬಸುರಿಯು ಅಳುತ್ತ ಕೂರಬೇಕಾಗಿಲ್ಲ.

ಈ ರೋಗ ಅಪರೂಪದ್ದೆಂದು ತಿಳಿಯಬೇಡಿ. ಬೆಂಗಳೂರು, ಅಹಮದಾಬಾದುಗಳೂ ಸೇರಿದಂತೆ ನಮ್ಮ ದೇಶದ ೮ ನಗರಗಳಲ್ಲಿ ಪರೀಕ್ಷೆ ನಡೆಸಿ ೨೦೧೩ರಲ್ಲಿ ಪ್ರಕಟಿಸಿದ ವರದಿಯಂತೆ, ವಯಸ್ಕರಲ್ಲಿ ೧೦೦ಕ್ಕೆ ಸುಮಾರು ೧೧ ಜನರಿಗೆ ಥೈರಾಯ್ಡ್ ಕೊರತೆ ಇತ್ತು. ಅವರಲ್ಲಿ ಮೂರರಲ್ಲೊಂದು ಪಾಲಿನವರಿಗೆ ಅದು ಗೊತ್ತೇ ಇರಲಿಲ್ಲ. ೨೦೧೪ರಲ್ಲಿ ಕೇಂದ್ರ ಆರೋಗ್ಯ ಮಂತ್ರಾಲಯವು ಬಸುರಿಯರ ಥೈರಾಯ್ಡ್ ತಪಾಸಣೆಗೆಂದೇ ನಿರ್ದೇಶನಗಳನ್ನು ಹೊರಡಿಸಿತು. ಮನೆತನದಲ್ಲಿ ಥೈರಾಯ್ಡ್ ರೋಗವಿದ್ದವರು, ಕೊರಳಲ್ಲಿ ಬಾವು ಇದ್ದವರು, ಮೈ ತೂಕ ಬಹಳವಿರುವವರು, ಹಿಂದೆ ಗರ್ಭಪಾತವಾದವರು ಅಥವಾ ಸತ್ತ ಮಗು ಹುಟ್ಟಿದವರು, ದಿನ ತುಂಬದೆ ಹೆತ್ತವರು, ಬಹುಕಾಲ ಬಸಿರು ನಿಲ್ಲದವರು ಮೊದಲಾದವರಿಗೆ ಮೊದಲನೆಯ ಭೇಟಿಯಲ್ಲಿಯೇ ಟಿ.ಎಸ್.ಎಚ್. ಪರೀಕ್ಷೆ ಆಗಬೇಕೆಂಬುದು ಅದರ ಸಾರ. ಇವುಗಳಲ್ಲಿ ಯಾವುದಾದರೂ ತಮಗೆ ಅನ್ವಯಿಸಿದರೆ ವೈದ್ಯರು ಕೇಳುವವರೆಗೆ ಕಾಯದೆ ತಾವೇ ಹೇಳತಕ್ಕದ್ದು.

ಉಪ್ಪಿನ ಮಾತನ್ನೂ ಹೇಳದಿದ್ದರೆ ಲೇಖನ ಪೂರ್ತಿಯಾಗದು. ಥೈರಾಯ್ಡಿನ ರಸ ತಯಾರಾಗಲು ಅಯೋಡಿನ್ ಎಂಬ ಮೂಲವಸ್ತು ಬೇಕು. ಮಣ್ಣಿನಲ್ಲಿ ಅದು ಇಲ್ಲದ ಸೀಮೆಗಳಲ್ಲಿ ಗಳಗಂಡ ರೋಗ ಹೆಚ್ಚು. ೧೯೫೬ರಿಂದ ಕಾಂಗ್ಡಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ ಕೆಲವು ಭಾಗಗಳಿಗೆ ಅಯೋಡಿನ್ ಬೆರೆಸಿದ ಉಪ್ಪನ್ನೂ ಒಂದು ಭಾಗಕ್ಕೆ ಬರಿಯ ಉಪ್ಪನ್ನೂ ಹಂಚಿ, ಅಯೋಡಿನ್ ಉಪ್ಪು ಉಂಡ ಕಡೆ ರೋಗ ಇಳಿದುದನ್ನು ತೋರಿಸಿಕೊಟ್ಟರು. ಅದರ ಫಲವಾಗಿ ೧೯೬೨ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ೨೦೦೬ರಿಂದ ಊಟದ ಉಪ್ಪನ್ನು ಅಯೋಡಿನ್ ಇಲ್ಲದೆ ಮಾರುವುದು ದೇಶದಲ್ಲೆಲ್ಲ ನಿಷಿದ್ಧವಾಗಿದೆ. ದೇಶದ ಉಪ್ಪಿನ ಬಹುಪಾಲು ತಯಾರಾಗುವುದು ನಾವಿರುವ ಈ ಗುಜರಾತಿನಲ್ಲಿಯೇ. ಆದರೂ ಉಪವಾಸದ ಸೈಂಧವ ಲವಣದಲ್ಲಿ ಸಾಮಾನ್ಯವಾಗಿ ಅಯೋಡಿನ್ ಬೆರೆಸಿರುವುದಿಲ್ಲ. ಊರಿನಿಂದ ತರುವ ಹರಳುಪ್ಪಿನ ಚೀಲದ ಮೇಲೆ ಬರೆದುದನ್ನು ನೋಡಿ ಕೊಳ್ಳಬೇಕು. ಉಪ್ಪನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು, ಅಡಿಗೆಯ ಕೊನೆಯಲ್ಲಿ ಹಾಕುವುದು ಒಳ್ಳೆಯದು. ಆದರೆ ಒಂದು ಎಚ್ಚರ: ಇಂದು ನಗರಗಳಲ್ಲಿ ಈ ಕೊರತೆಗೆ ಮುಖ್ಯ ಕಾರಣ ಉಪ್ಪಲ್ಲ. ಮೈಯ ರಕ್ಷಣಾಶಕ್ತಿಯೇ ತಪ್ಪಿ ಥೈರಾಯ್ಡಿನ ಮೇಲೆ ತಿರುಗಿ ಬೀಳುವ ರೋಗವದು. ಜಪಾನಿನ ವೈದ್ಯ ಹಾಶಿಮೊಟೊ ೧೯೧೨ರಲ್ಲಿ ಇದನ್ನು ಮೊದಲು ವರ್ಣಿಸಿದರು. ಈ ರೋಗ ಉಪ್ಪಿನಿಂದ ಗುಣವಾಗದು, ಗುಳಿಗೆಯೇ ಬೇಕು.

ಆ ಗುಳಿಗೆಯ ಚರಿತ್ರೆ ರೋಚಕವಾಗಿದೆ. ೧೮೯೧ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ಡಾ. ಜಾರ್ಜ್ ಮರೆ ಎಂಬವರು ಕುರಿಯ ಥೈರಾಯ್ಡಿನ ಸಾರವನ್ನು ರೋಗಿಯೊಬ್ಬಳಿಗೆ ಕೊಟ್ಟು ಆಕೆಯನ್ನು ಉಳಿಸಿದರು. ಆಕೆ ಮತ್ತೆ ೨೮ ವರ್ಷ ಬದುಕಿದಳು. ಅಷ್ಟು ವರ್ಷಕ್ಕೆ ೮೭೦ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಯಿತು. ೧೯೧೪ರಲ್ಲಿ ಅಮೆರಿಕದ ಕೆಂಡಾಲ್ ಆ ರಸದ ಶುದ್ಧರೂಪವನ್ನು ಬೇರ್ಪಡಿಸಿದರು. ೧೯೨೭ರಲ್ಲಿ ಹ್ಯಾರಿಂಗ್ಟನ್ ಅದನ್ನು ರಸಾಯನಶಾಲೆಯಲ್ಲಿಯೇ ತಯಾರಿಸಿದರು. ಇಂದಿನ ಲೆವೋಥೈರಾಕ್ಸಿನ್ ಗುಳಿಗೆಯ ಔಷಧವೂ ಹಾಗೆಯೇ ತಯಾರಾದದ್ದು, ಪ್ರಾಣಿಯ ಗ್ರಂಥಿಯಿಂದ ತೆಗೆದದ್ದಲ್ಲ. ನಮ್ಮ ಗ್ರಂಥಿ ಸ್ರವಿಸುವ ವಸ್ತುವೇ ಅದು. ಆದ್ದರಿಂದ ವೈದ್ಯರು ಹೇಳಿದ ಪ್ರಮಾಣದಲ್ಲಿ ಬಸುರಿಯೂ ಬಾಣಂತಿಯೂ ನಿಶ್ಚಿಂತೆಯಿಂದ ತೆಗೆದುಕೊಳ್ಳಬಹುದು. ‘ಬಸಿರಿನಲ್ಲಿ ಔಷಧ ಬೇಡ’ ಎಂಬ ಹಿರಿಯರ ಮಾತು ಅನೇಕ ಔಷಧಗಳಿಗೆ ಒಪ್ಪುವಂಥದ್ದು, ಇದಕ್ಕೆ ಒಪ್ಪುವುದಿಲ್ಲ. ಇಲ್ಲಿ ನಿಲ್ಲಿಸುವುದೇ ಅಪಾಯ.

ತೆಗೆದುಕೊಳ್ಳುವ ಕ್ರಮ ಹೀಗೆ: ಬೆಳಿಗ್ಗೆ ಎದ್ದೊಡನೆ ಬರಿಯ ಹೊಟ್ಟೆಯಲ್ಲಿ ನೀರಿನೊಡನೆ ನುಂಗಬೇಕು. ಚಹಕ್ಕೂ ತಿಂಡಿಗೂ ಅರ್ಧದಿಂದ ಒಂದು ಗಂಟೆ ತಡೆಯಬೇಕು. ಬಸುರಿಯರಿಗೆ ಕೊಡುವ ಕಬ್ಬಿಣದ ಗುಳಿಗೆ, ಸುಣ್ಣದಂಶದ ಕ್ಯಾಲ್ಸಿಯಂ ಗುಳಿಗೆಗಳನ್ನು ಇದರೊಡನೆ ನುಂಗಿದರೆ ಇದು ಮೈಗೆ ಹತ್ತುವುದಿಲ್ಲ. ನಡುವೆ ೪ ಗಂಟೆಯ ಅಂತರವಿರಲಿ. ಮೂರನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡು, ಗುಳಿಗೆ ಕೆಲಸ ಮಾಡಲಿಲ್ಲವೆನ್ನುವವರು ಬಹಳ. ಕೂದಲಿಗೆಂದು ಬಯೋಟಿನ್ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ರಕ್ತ ಕೊಡುವ ಮೊದಲೇ ವೈದ್ಯರಿಗೆ ತಿಳಿಸಬೇಕು. ಅದರಿಂದ ಪರೀಕ್ಷೆಯ ಅಂಕಿ ತಪ್ಪಾಗಬಹುದು.

ಮೊದಲೇ ಗುಳಿಗೆ ತೆಗೆದುಕೊಳ್ಳುತ್ತಿರುವ ಹೆಂಗಸರು ಬಸಿರನ್ನು ಬಯಸುವಾಗ ಟಿ.ಎಸ್.ಎಚ್. ೨.೫ಕ್ಕಿಂತ ಕೆಳಗಿರಬೇಕೆಂಬುದು ತಜ್ಞರ ಸಲಹೆ. ಪರೀಕ್ಷಾಲಯದ ಚೀಟಿಯಲ್ಲಿ ಅಚ್ಚಾಗಿರುವ ‘ಸರಿಯಾದ ಮಿತಿ’ ಸಾಮಾನ್ಯರದು, ಬಸುರಿಯದಲ್ಲ. ಅಲ್ಲಿ ತಪ್ಪಿಲ್ಲವೆಂದು ಕಂಡರೂ ವೈದ್ಯರಿಗೆ ತೋರಿಸಬೇಕು. ಬಸಿರು ನಿಂತ ೪–೬ ವಾರಗಳಲ್ಲಿಯೇ ಔಷಧದ ಅವಶ್ಯಕತೆ ನೂರಕ್ಕೆ ೨೫ರಿಂದ ೫೦ರಷ್ಟು ಏರುತ್ತದೆ. ಆದುದರಿಂದ ತಿಂಗಳು ತಪ್ಪಿದ ವಾರದಲ್ಲಿಯೇ ವೈದ್ಯರನ್ನು ಕಾಣತಕ್ಕದ್ದು. ಅಮೆರಿಕದ ಥೈರಾಯ್ಡ್ ತಜ್ಞರ ಸಂಘವು ೨೦೧೭ರಲ್ಲಿ ಸೂಚಿಸಿದಂತೆ, ವಾರಕ್ಕೆ ೭ ಗುಳಿಗೆಯ ಬದಲು ೯ ಎಂಬ ಲೆಕ್ಕವನ್ನು ಅನೇಕ ವೈದ್ಯರು ಮುಂಚಿತವಾಗಿಯೇ ಹೇಳಿಕೊಡುತ್ತಾರೆ. ‘ತಿಂಗಳು ತಪ್ಪಿದರೆ ನಾನೇನು ಮಾಡಲಿ?’ ಎಂದು ನಿಮ್ಮ ವೈದ್ಯರನ್ನು ಇಂದೇ ಕೇಳಿ ಬರೆಸಿಕೊಳ್ಳಿರಿ. ಬಳಿಕ ಅರ್ಧ ಬಸಿರಿನವರೆಗೆ ೪ ವಾರಕ್ಕೊಮ್ಮೆಯೂ, ೩೦ನೆಯ ವಾರದ ಸುಮಾರಿಗೆ ಒಮ್ಮೆಯೂ ರಕ್ತಪರೀಕ್ಷೆ ಆಗಬೇಕು.

ವರಾಛಾದವರಿಗೆ ಉಮರವಾಡಾದಲ್ಲಿರುವ ಮಹಾನಗರಪಾಲಿಕೆಯ ಸ್ಮೀಮೇರ್ ಆಸ್ಪತ್ರೆ ಹತ್ತಿರದ್ದು. ಮಜೂರಾ ಗೇಟಿನಲ್ಲಿ ಸರಕಾರದ ನ್ಯೂ ಸಿವಿಲ್ ಆಸ್ಪತ್ರೆಯಿದೆ. ಗುಜರಾತಿ ಬಾರದ ನಮ್ಮ ಹೆಣ್ಣುಮಕ್ಕಳು ‘ಮಾರೇ ಥಾಇರೊಇಡ್‌ನೀ ಗೋಳೀ ಚಾಲು ಛೇ’ ಎಂಬ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಕೊಂಡರೆ ಸಾಕು. ‘ನನಗೆ ಥೈರಾಯ್ಡ್ ಗುಳಿಗೆ ನಡೆದಿದೆ’ ಎಂದು ಅದರ ಅರ್ಥ.

ನಮ್ಮಂಥ ಪರಸ್ಥಳದವರಿಗೆ ಇನ್ನೊಂದು ತೊಡಕಿದೆ. ಏಳನೆಯ ತಿಂಗಳಲ್ಲಿ ಕುಬಸ ಮಾಡಿ ಮಗಳನ್ನು ತವರಿಗೆ ಕರೆದೊಯ್ಯುತ್ತಾರೆ. ಸೀರೆ, ಬಳೆ, ಬುತ್ತಿ ಎಲ್ಲವೂ ಗಂಟಿನಲ್ಲಿ ಸೇರುತ್ತವೆ. ಗುಳಿಗೆಯ ಬಾಟಲಿಯೂ ಚೀಟಿಗಳೂ ಇಲ್ಲಿಯೇ ಉಳಿಯುತ್ತವೆ. ಅಲ್ಲಿನ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಇಲ್ಲಿಯ ಮಮತಾ ಕಾರ್ಡು, ಎಲ್ಲ ಪರೀಕ್ಷೆಯ ಚೀಟಿಗಳು, ಗುಳಿಗೆಯ ಹೆಸರು ಮತ್ತು ಎಷ್ಟು ಮೈಕ್ರೋಗ್ರಾಂ ಎಂಬ ಬರೆಹ, ಎರಡು ತಿಂಗಳಿಗಾಗುವಷ್ಟು ಗುಳಿಗೆ, ಇಷ್ಟನ್ನೂ ಒಂದು ಚೀಲದಲ್ಲಿ ಹಾಕಿ ಕಳುಹಿಸತಕ್ಕದ್ದು. ಅಲ್ಲಿ ತಾಯಿ ಕಾರ್ಡು ಮಾಡಿಸುವಾಗ ಇದನ್ನು ಬರೆಸಬೇಕು. ಗುಜರಾತಿಯಲ್ಲಿರುವ ಚೀಟಿಗಳನ್ನು ಕನ್ನಡದಲ್ಲಿ ಬರೆಸಿಕೊಳ್ಳಬೇಕಾದರೆ ವಾಚನಾಲಯಕ್ಕೆ ತನ್ನಿರಿ, ನಾವು ಬರೆದುಕೊಡುತ್ತೇವೆ.

ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಔಷಧವನ್ನು ಬಸಿರಿನ ಹಿಂದಿನ ಪ್ರಮಾಣಕ್ಕೆ ಇಳಿಸಿ, ೬ ವಾರಗಳ ನಂತರ ಮತ್ತೆ ಪರೀಕ್ಷಿಸುತ್ತಾರೆ. ಎದೆಹಾಲೂಡಿಸಲು ಯಾವ ಅಡ್ಡಿಯೂ ಇಲ್ಲ. ಹುಟ್ಟಿದ ಕೂಸಿಗೂ ಮೊದಲ ವಾರದಲ್ಲಿ ಹಿಮ್ಮಡಿಯಿಂದ ಒಂದೆರಡು ತೊಟ್ಟು ರಕ್ತ ತೆಗೆದು ಥೈರಾಯ್ಡ್ ಪರೀಕ್ಷೆ ಮಾಡಿಸುವುದು ಉತ್ತಮ. ತಾಯಿಗೆ ರೋಗವಿಲ್ಲದ ಕೂಸಿನಲ್ಲಿಯೂ ಈ ಕೊರತೆ ಇರಬಹುದು, ಬೇಗ ತಿಳಿದು ಔಷಧ ಕೊಟ್ಟರೆ ಸರಿಯಾಗಿ ಬೆಳೆಯುತ್ತದೆ.

ಒಂದು ಸಣ್ಣ ಗುಳಿಗೆ, ಒಂದು ರಕ್ತಪರೀಕ್ಷೆ, ಸಕಾಲದಲ್ಲಿ ಆಡಿದ ಒಂದು ಮಾತು: ಇದರಲ್ಲಿ ದುಬಾರಿಯಾದದ್ದು ಯಾವುದೂ ಇಲ್ಲ. ಹೊಸದಾಗಿ ಮದುವೆಯಾದ ಮಗಳೋ ಸೊಸೆಯೋ ಇರುವ ಮನೆಯವರು ಈ ಹಾಳೆಯನ್ನು ಗಂಡಸರೇ ಓದಿ ಮಡಿಸಿಡದೆ, ಒಳಗಿನವರಿಗೂ ಓದಿ ಹೇಳಬೇಕೆಂದು ನಮ್ಮ ವಿನಂತಿ.