ಮದ್ದಿಗೂ ಬೇಕು ಸಾಕ್ಷಿ

1947ರ ಬ್ರಿಟನ್. ಯುದ್ಧ ಮುಗಿದಿತ್ತು, ಬೊಕ್ಕಸ ಬರಿದಾಗಿತ್ತು. ಕ್ಷಯಕ್ಕೆ ಅಮೆರಿಕದಲ್ಲಿ ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಮದ್ದು ಸಿಕ್ಕಿದೆ ಎಂಬ ಸುದ್ದಿ ಹಬ್ಬಿತ್ತಾದರೂ ಅದನ್ನು ತರಿಸಿಕೊಳ್ಳಲು ಸಾಕಷ್ಟು ಡಾಲರ್ ಇರಲಿಲ್ಲ. ಬಂದಷ್ಟು ಮದ್ದು ಕೆಲವೇ ರೋಗಿಗಳಿಗೆ ಆಗುವಂತಿತ್ತು. ಯಾರಿಗೆ ಕೊಡುವುದು, ಯಾರಿಗೆ ಬಿಡುವುದು?

ಈ ಕೊರತೆಯಲ್ಲೇ ದಾರಿ ಕಂಡವರು ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್. ಯೌವನದಲ್ಲಿ ತಾವೇ ಕ್ಷಯದಿಂದ ನರಳಿ, ವೈದ್ಯರಾಗುವ ಆಸೆ ಕೈಬಿಟ್ಟವರು. ಎಲ್ಲರಿಗೂ ಕೊಡುವಷ್ಟು ಮದ್ದು ಹೇಗೂ ಇಲ್ಲ. ಇರುವುದನ್ನು ಸರಿಯಾಗಿ ಹಂಚಿದರೆ ಅದು ನಿಜಕ್ಕೂ ಗುಣಕಾರಿಯೇ ಎಂದಾದರೂ ತಿಳಿಯುತ್ತದೆ ಎಂಬುದು ಅವರ ವಾದ. ಹಂಚುವ ಕೆಲಸ ವೈದ್ಯರ ಕೈಯಲ್ಲಿರಲಿಲ್ಲ. ರೋಗಿ ಪರೀಕ್ಷೆಗೆ ತಕ್ಕವನೆಂದು ತೀರ್ಮಾನವಾದ ಮೇಲೆ ನಂಬರು ಹಾಕಿ ಅಂಟಿಸಿದ್ದ ಲಕೋಟೆಯೊಂದನ್ನು ಒಡೆಯಬೇಕು. ಅವನಿಗೆ ಮದ್ದೋ, ಬರೀ ಹಾಸಿಗೆ ವಿಶ್ರಾಂತಿಯೋ ಎಂದು ಹೇಳುವುದು ಒಳಗಿನ ಚೀಟಿ.

ಇಷ್ಟೆಲ್ಲ ಕಟ್ಟುನಿಟ್ಟು ಯಾಕೆ? ಕ್ಷಯ ಕೆಲವರಲ್ಲಿ ತಾನಾಗಿಯೇ ಇಳಿಯುವುದುಂಟು. ಆಯ್ಕೆ ವೈದ್ಯರಿಗೇ ಬಿಟ್ಟರೆ, ಬದುಕುವ ಲಕ್ಷಣವಿದ್ದ ರೋಗಿಯತ್ತ ಅವರಿಗರಿವಿಲ್ಲದೆಯೇ ಮದ್ದು ಸರಿದುಬಿಡಬಹುದು. ಆಗ ರೋಗಿಯ ಕಸುವಿಗೆ ಸಲ್ಲಬೇಕಾದ ಹೆಸರು ಮದ್ದಿಗೆ ಸಲ್ಲುತ್ತದೆ. ರೋಗಿ ಗುಣವಾದ ಎನ್ನುವುದು ಸುಲಭ. ಮದ್ದಿನಿಂದಲೇ ಗುಣವಾದ ಎಂದು ತೋರಿಸುವುದು ಕಷ್ಟ. ಹೊಸ ಔಷಧಗಳ ಪರೀಕ್ಷೆಯ ವಿದ್ಯೆಯೆಲ್ಲ ಈ ಕಷ್ಟದ ಸುತ್ತ ಬೆಳೆದದ್ದು. ಆಗ ತೆಗೆದ ಎಕ್ಸ್‌ರೇಗಳನ್ನು ಸಹ ಅವು ಯಾವ ಗುಂಪಿನ ರೋಗಿಗಳವೆಂದು ತಿಳಿಯದ ತಜ್ಞರೇ ನೋಡಿದರು. ಆರು ತಿಂಗಳಲ್ಲಿ ಮದ್ದು ಪಡೆದ 55 ಮಂದಿಯಲ್ಲಿ 4 ಜನ ತೀರಿಕೊಂಡಿದ್ದರು. ವಿಶ್ರಾಂತಿ ಮಾತ್ರ ಪಡೆದ 52 ಮಂದಿಯಲ್ಲಿ 14 ಜನ. ಫಲಿತಾಂಶ 1948ರಲ್ಲಿ ಅಚ್ಚಾಯಿತು.

ಇನ್ನೂ ಹಿಂದಕ್ಕೆ ಹೋದರೆ ಈ ಮದ್ದಿನ ಹುಟ್ಟು ಮಣ್ಣಿನಲ್ಲಿದೆ. 1943ರಲ್ಲಿ ನ್ಯೂಜೆರ್ಸಿಯ ರಟ್ಗರ್ಸ್‌ನಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಸ್, ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳನ್ನು ಒಂದೊಂದಾಗಿ ಜಾಲಾಡುತ್ತಿದ್ದರು. ಗೊಬ್ಬರ ಹಾಕಿದ ಹೊಲದ ಮಣ್ಣಿನಿಂದ ಒಂದು, ಕೋಳಿಯ ಗಂಟಲಿನಿಂದ ಇನ್ನೊಂದು ತಳಿ ಸಿಕ್ಕವು. ಎರಡೂ ಕ್ಷಯದ ರೋಗಾಣುವನ್ನು ತಡೆಯುವ ವಸ್ತುವನ್ನು ಸ್ರವಿಸುತ್ತಿದ್ದವು.

ಬ್ರಿಟನ್ನಿನ ಪರೀಕ್ಷೆ ಇನ್ನೊಂದು ಸತ್ಯವನ್ನೂ ಹೊರಗೆಡವಿತು. ಒಂದೇ ಮದ್ದು ಕೊಟ್ಟರೆ ರೋಗಾಣು ಅದಕ್ಕೆ ಒಗ್ಗಿಕೊಳ್ಳುತ್ತದೆ. ಐದು ವರ್ಷಗಳ ಹೊತ್ತಿಗೆ ಎರಡು ಗುಂಪುಗಳ ಸಾವಿನ ಅಂತರ ಬಹಳ ಕುಗ್ಗಿತ್ತು. ಎರಡು, ಮೂರು ಮದ್ದುಗಳನ್ನು ಒಟ್ಟಿಗೆ ಕೊಡುವ ಪದ್ಧತಿ ಬಂದದ್ದು ಇದರಿಂದಲೇ.

ಮುಂದಿನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಮ್ಮ ಪಕ್ಕದ ಮದ್ರಾಸಿನಲ್ಲಿ. ಕ್ಷಯ ಎಂದರೆ ಸ್ಯಾನಟೋರಿಯಂ ಎಂದೇ ಆಗಿದ್ದ ಕಾಲ ಅದು, ಮೈಸೂರಿನ ಪಿ.ಕೆ.ಟಿ.ಬಿ. ಸ್ಯಾನಟೋರಿಯಂ ನೆನೆಸಿಕೊಂಡರೆ ಸಾಕು. ಆದರೆ ದೇಶದ ರೋಗಿಗಳಿಗೆಲ್ಲ ಅಷ್ಟು ಹಾಸಿಗೆ ಎಲ್ಲಿಂದ ಬರಬೇಕು? 1956ರಲ್ಲಿ ಶುರುವಾದ ಮದ್ರಾಸಿನ ಕೇಂದ್ರ, ಬಡ ರೋಗಿಗಳಲ್ಲಿ ಕೆಲವರನ್ನು ಸ್ಯಾನಟೋರಿಯಂನಲ್ಲಿ, ಉಳಿದವರನ್ನು ಅವರವರ ಇಕ್ಕಟ್ಟಿನ ಮನೆಗಳಲ್ಲಿ ಇರಿಸಿ ಒಂದೇ ಮದ್ದುಗಳನ್ನು ಕೊಟ್ಟಿತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. ಮನೆಮಂದಿಗೆ ರೋಗ ತಗಲುವುದೂ ಹೆಚ್ಚಲಿಲ್ಲ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ, ಇಂಥ ಚಿಕಿತ್ಸೆಯನ್ನು ಊರೂರಿನ ಸಾಮಾನ್ಯ ಆಸ್ಪತ್ರೆಗಳಿಗೆ ಮುಟ್ಟಿಸುವ ಕಾರ್ಯಕ್ರಮ ರೂಪಿಸಿತು.

ಇಂದು ಹೊಸ ಮದ್ದು ಪ್ರಯೋಗಾಲಯ, ಪ್ರಾಣಿಗಳ ಮೇಲಿನ ಪರೀಕ್ಷೆ ದಾಟಿ ಮನುಷ್ಯರ ಬಳಿ ಬರುತ್ತದೆ. ಮೊದಲ ಹಂತದಲ್ಲಿ ಸಾಮಾನ್ಯವಾಗಿ ಕೆಲವೇ ಆರೋಗ್ಯವಂತರು: ಮೈಗೆ ಒಗ್ಗುತ್ತದೆಯೇ ಎಂದು ನೋಡಲು. ಎರಡನೆಯದರಲ್ಲಿ ರೋಗಿಗಳು: ಪ್ರಮಾಣ ಎಷ್ಟು, ಫಲ ಉಂಟೇ ಎಂದು. ಮೂರನೆಯದರಲ್ಲಿ ನೂರಾರು, ಸಾವಿರಾರು ಜನ: ಹಳೆಯ ಚಿಕಿತ್ಸೆಗಿಂತ ಮೇಲೇ ಎಂದು. 1947ರ ಹೋಲಿಕೆ ಗುಂಪಿನವರಿಗೆ ತಾವು ಪರೀಕ್ಷೆಯಲ್ಲಿದ್ದೇವೆ ಎಂಬುದೇ ಗೊತ್ತಿರಲಿಲ್ಲ. ಈಗ ಹಾಗೆ ಮಾಡುವಂತಿಲ್ಲ. ಭಾರತದ 2019ರ ನಿಯಮಗಳ ಪ್ರಕಾರ ನೈತಿಕ ಸಮಿತಿಯ ಒಪ್ಪಿಗೆ, ರೋಗಿಯ ಲಿಖಿತ ಸಮ್ಮತಿ, ಸಾರ್ವಜನಿಕ ನೋಂದಣಿ ಎಲ್ಲವೂ ಕಡ್ಡಾಯ. ಮಾರಾಟಕ್ಕೆ ಅನುಮತಿ ಕೊಡುವವರು ದೆಹಲಿಯ ಔಷಧ ಮಹಾನಿಯಂತ್ರಕರು.

ಅನುಮತಿ ಸಿಕ್ಕಿತೆಂದರೆ ಅನುಮಾನವೆಲ್ಲ ತೀರಿತು ಎಂದಲ್ಲ. ಬೆಡಾಕ್ವಿಲಿನ್ ಕಥೆಯನ್ನೇ ನೋಡಿ. ಹಳೆಯ ಮದ್ದುಗಳಿಗೆ ಬಗ್ಗದ ಕ್ಷಯಕ್ಕೆ ದಶಕಗಳ ನಂತರ ಸಿಕ್ಕ ಹೊಸ ಅಸ್ತ್ರ ಅದು. ರೋಗಾಣು ಶಕ್ತಿ ತಯಾರಿಸಿಕೊಳ್ಳುವ ಕಿಣ್ವಕ್ಕೇ ಕೈಹಾಕುತ್ತದೆ. ಕಫದಲ್ಲಿನ ರೋಗಾಣು ಬೇಗ ಮಾಯವಾದದ್ದು ನಿಜ. ಆದರೆ ಪರೀಕ್ಷೆಯಲ್ಲಿ ಮದ್ದು ಪಡೆದ 79 ಮಂದಿಯಲ್ಲಿ 10 ಸಾವು, ಹುಸಿಗುಳಿಗೆ ಪಡೆದ 81 ಮಂದಿಯಲ್ಲಿ 2! ಸಾವುಗಳಿಗೂ ಮದ್ದಿಗೂ ನೇರ ನಂಟು ಕಾಣಲಿಲ್ಲ; ಹಾಗೆಂದು ತಳ್ಳಿಹಾಕುವಂತೆಯೂ ಇರಲಿಲ್ಲ. ಬೇರೆ ದಾರಿಯಿಲ್ಲದ ರೋಗಿಗಳ ಮುಖ ನೋಡಿ, 2012ರ ಡಿಸೆಂಬರಿನಲ್ಲಿ ಅಮೆರಿಕದ ನಿಯಂತ್ರಕರು ಕಟ್ಟೆಚ್ಚರಿಕೆಯ ಚೌಕ ಹಚ್ಚಿ ಅನುಮತಿ ಕೊಟ್ಟರು. ಭಾರತ 2016ರಲ್ಲಿ ಆಯ್ದ ಆಸ್ಪತ್ರೆಗಳಲ್ಲಷ್ಟೇ, ಇಸಿಜಿ ಮೂಲಕ ಹೃದಯದ ಮೇಲೆ ಕಣ್ಣಿಟ್ಟು ಕೊಡಲಾರಂಭಿಸಿತು. ಹಲವು ದೇಶಗಳ ರೋಗಿಗಳ ಮಾಹಿತಿ ಕೂಡುತ್ತ ಹೋದಂತೆ ಭಯ ಇಳಿಯಿತು: ಮದ್ದು ಪಡೆದವರಲ್ಲಿ ಸಾವು ಕಡಿಮೆಯೇ ಇತ್ತು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಮೊದಲ ಸಾಲಿಗೆ ತಂದಿತು.

ಹೀಗೆ ಮಾರುಕಟ್ಟೆಗೆ ಬಂದ ಮೇಲೂ ಸಾಕ್ಷಿ ಕೂಡಿಸುವ ಕೆಲಸ ನಡೆಯುತ್ತಲೇ ಇರುತ್ತದೆ, ಅದರಲ್ಲಿ ಗುಳಿಗೆ ನುಂಗುವವರ ಪಾಲೂ ಇದೆ. ಯಾವುದೇ ಔಷಧದಿಂದ ಮೈಮೇಲೆ ದದ್ದೆದ್ದರೆ, ಕಣ್ಣು ಮಂಜಾದರೆ ವೈದ್ಯರಿಗೆ ಹೇಳುವುದರ ಜೊತೆಗೆ ಭಾರತದ ಔಷಧ ಸುರಕ್ಷತಾ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024ಕ್ಕೆ ರೋಗಿಯೇ ನೇರವಾಗಿ ತಿಳಿಸಬಹುದು. ಸಾವಿರದಲ್ಲೊಬ್ಬರಿಗೆ ಆಗುವ ತೊಂದರೆ ನೂರು ಜನರ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳದೇ ಹೋಗಬಹುದು. ಅದನ್ನು ಹೇಳಬೇಕಾದವರು ಅನುಭವಿಸಿದವರೇ.