ಫೈಲು ಹಂಚೋಣ, ಯಾರದೆಂದು ನೋಡಿ ಹಂಚೋಣ

ಒಂದು ಮುಂಗಾರಿನಲ್ಲಿ ಭತ್ತದ ಎಲೆ ಮೇಲೆ ಕಣ್ಣಿನಾಕಾರದ ಚುಕ್ಕಿ ಬಿತ್ತು. ಖಾನಾಪುರದ ಗದ್ದೆ ಬದುವಿನಲ್ಲಿ ನಿಂತೇ ಫೋಟೋ ತೆಗೆದು ರೈತರ ವಾಟ್ಸಾಪ್ ಗುಂಪಿಗೆ ಹಾಕಿದೆ. ಅರ್ಧ ತಾಸಿನಲ್ಲಿ ಒಬ್ಬರು ಬೆಂಕಿರೋಗದ ಬಗ್ಗೆ ತಾವೇ ಬರೆದಿಟ್ಟ ಎರಡು ಪುಟದ ಪಿಡಿಎಫ್ ಕಳಿಸಿದರು. ಬೆಳಗಾವಿಗೆ ಹೋಗಿ ಕೇಳಿಬರುವ ಒಂದು ದಿನ ಉಳೀತು.

ಅದೇ ಉಮೇದಿನಲ್ಲಿ ಸದಾಶಿವನಗರದ ಮನೆಯಲ್ಲಿ ಕೂತು ಒಂದು ಕೃಷಿ ಪುಸ್ತಕವನ್ನು ಪೂರ್ತಿ ಸ್ಕ್ಯಾನ್ ಮಾಡಿ ಗುಂಪಿಗೆ ಬಿಟ್ಟೆ. ಎಲ್ಲರೂ ಶಹಬ್ಬಾಸ್ ಅಂದರು. ಒಬ್ಬರು ಮಾತ್ರ, ‘ಬರೆದವರೂ ನಮ್ಮಂಥ ರೈತರೇ ಅಲ್ರೀ, ಅಚ್ಚು ಹಾಕಿಸಿದ ರೊಕ್ಕ ಅವರಿಗೆ ಎಲ್ಲಿಂದ ಬರಬೇಕು?’ ಎಂದು ಕೇಳಿದರು. ಉತ್ತರ ಹೊಳೀಲಿಲ್ಲ. ಫೈಲು ಅಳಿಸಿ, ಕಾಯ್ದೆ ಏನನ್ನುತ್ತದೆಂದು ತಿಳಿದುಕೊಂಡೆ.

1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಪುಸ್ತಕದ ಹಕ್ಕು ಲೇಖಕರು ಬದುಕಿರುವವರೆಗೆ, ತೀರಿಕೊಂಡ ಮರುವರ್ಷದಿಂದ ಮತ್ತೆ 60 ವರ್ಷ. ಶಿವರಾಮ ಕಾರಂತರು ತೀರಿಕೊಂಡದ್ದು 1997ರಲ್ಲಿ. ಅವರ ಪುಸ್ತಕಗಳ ಹಕ್ಕು 2057ರ ಕೊನೆವರೆಗೆ ಇದೆ. ಬಿ.ಎಂ.ಶ್ರೀ. ತೀರಿಕೊಂಡದ್ದು 1946ರಲ್ಲಿ, ಅವರ ಕಾಲದಲ್ಲೇ ಅಚ್ಚಾದದ್ದನ್ನು ಯಾರೂ ಹಂಚಬಹುದು.

ಸ್ವಂತ ಓದಿಗೆ ನ್ಯಾಯವಾದ ಮಿತಿಯಲ್ಲಿ ಪ್ರತಿ ಮಾಡಿಕೊಳ್ಳಲು 52ನೇ ಕಲಂ ಬಿಡುತ್ತದೆ. ಇಡೀ ಪುಸ್ತಕವನ್ನು ನೂರಾರು ಜನರಿಗೆ ಕಳಿಸುವುದು ಸ್ವಂತ ಓದಲ್ಲ. ಗೊತ್ತಿದ್ದೂ ಹಕ್ಕು ಮುರಿದರೆ 63ನೇ ಕಲಂನಲ್ಲಿ 6 ತಿಂಗಳಿಂದ 3 ವರ್ಷ ಜೈಲು, ಜೊತೆಗೆ 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡವಿದೆ. ವ್ಯಾಪಾರದ ಲಾಭಕ್ಕೆ ಮಾಡಿದ್ದಲ್ಲವಾದರೆ ನ್ಯಾಯಾಲಯ ಕಾರಣ ಬರೆದು ಶಿಕ್ಷೆ ಇಳಿಸಬಹುದು. ಆದರೆ ಪುಕ್ಕಟೆ ಕೊಟ್ಟೆ ಎಂದ ಮಾತ್ರಕ್ಕೆ ತಪ್ಪು ಒಪ್ಪಾಗುವುದಿಲ್ಲ.

ಹಾಗಂತ ಹೆದರಿ ಸುಮ್ಮನಾಗಬೇಕಿಲ್ಲ. ಕಾಯ್ದೆಯ ಹಕ್ಕು ಬರೆದ ಮಾತಿಗೆ, ಚಿತ್ರಕ್ಕೆ, ಒಳಗಿನ ತಿಳಿವಳಿಕೆಗಲ್ಲ. ಬೀಜಾಮೃತ ಮಾಡುವ ಕ್ರಮವನ್ನು ಪುಸ್ತಕದಲ್ಲಿ ಓದಿ, ಮಾಡಿ ನೋಡಿ, ನಿಮ್ಮದೇ ಮಾತಿನಲ್ಲಿ ಬರೆದು ಊರಿಗೆಲ್ಲ ಕಳಿಸಿರಿ, ತಕರಾರಿಲ್ಲ. ನೀವೇ ತೆಗೆದ ಫೋಟೋ, ನಿಮ್ಮ ಬೆಳೆಯ ಲೆಕ್ಕ ನಿಮ್ಮದೇ ಆಸ್ತಿ. ಬೇರೆಯವರ ಬರಹ ಪೂರ್ತಿ ಹಂಚಬೇಕೆನಿಸಿದರೆ ಬರೆದವರಿಗೆ, ಪ್ರಕಾಶಕರಿಗೆ ಒಂದು ಕಾರ್ಡು ಹಾಕಿ ಒಪ್ಪಿಗೆ ಕೇಳಿರಿ. ಅವರೇ ಜಾಲತಾಣದಲ್ಲಿ ಇಟ್ಟಿದ್ದರೆ ಅದರ ಕೊಂಡಿ ಕಳಿಸಿದರೆ ಸಾಕು.

ನಾನೀಗ ಪುಸ್ತಕದ ಹೆಸರು, ಬೆಲೆ, ಸಿಗುವ ಜಾಗ ಮಾತ್ರ ಗುಂಪಿಗೆ ಹಾಕುತ್ತೇನೆ. ನಾಲ್ಕು ಮಂದಿ ಕೂಡಿ ಒಂದು ಪ್ರತಿ ಕೊಂಡು ಕೈಯಿಂದ ಕೈಗೆ ಓದುತ್ತೇವೆ. ಅದಕ್ಕೆ ಯಾವ ಕಾಯ್ದೆಯ ಅಡ್ಡಿಯೂ ಇಲ್ಲ, ಬರೆದ ರೈತನಿಗೂ ನಾಲ್ಕು ಕಾಸು ಮುಟ್ಟುತ್ತದೆ.